ಹೊಸ ಮೊಬೈಲ್: ಜಾಹೀರಾತಿನ ಅಂಕಿಗಿಂತ ದಿನಚರಿಯ ಲೆಕ್ಕವೇ ಮುಖ್ಯ

ಒಂದು ಕಾಲಕ್ಕೆ ಮಾತನಾಡಲಷ್ಟೇ ಬೇಕಾಗಿದ್ದ ಮೊಬೈಲ್ ಇಂದು ಬ್ಯಾಂಕಿನ ಪಾಸ್‌ಬುಕ್ಕು, ಅಂಗಡಿಯ ಗಲ್ಲಾಪೆಟ್ಟಿಗೆ, ಮಕ್ಕಳ ಪಾಟಿ, ರೈತನ ಪಹಣಿ ಎಲ್ಲವೂ ಆಗಿದೆ. ಆದ್ದರಿಂದ ತಮಗೆ ಹೊಂದದ ಫೋನ್ ಕೊಂಡವರು ಕಳೆದುಕೊಳ್ಳುವುದು ಕೊಟ್ಟ ಹಣವನ್ನಷ್ಟೇ ಅಲ್ಲ; ಮುಂದಿನ ಮೂರು–ನಾಲ್ಕು ವರ್ಷಗಳ ಅನುಕೂಲವನ್ನು, ಕೆಲವೊಮ್ಮೆ ಸರಕಾರದಿಂದ ಬರಬೇಕಾದ ಪರಿಹಾರವನ್ನೂ ಕಳೆದುಕೊಳ್ಳಬೇಕಾದೀತು. ಹೀಗಿದ್ದರೂ ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಚರ್ಚೆ ಮಾತ್ರ ಮೆಗಾಪಿಕ್ಸೆಲ್ ಎಷ್ಟು, ರ‍್ಯಾಮ್ ಎಷ್ಟು, ಕಂತು ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ದಾಟುವುದು ವಿರಳ.

ಜಾಹೀರಾತಿನ ಅಂಕಿಗಳು ನಿತ್ಯದ ಬಳಕೆಯಲ್ಲಿ ಎಷ್ಟು ನಿಲ್ಲುತ್ತವೆ ಎಂಬುದನ್ನು ಅಳೆಯಲು ಚಡಚಣದಂತಹ ಊರು ಒಳ್ಳೆಯ ಒರೆಗಲ್ಲು. ವಿಜಯಪುರ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಈ ಪಟ್ಟಣ ಹಿಂದೆ ಇಂಡಿ ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ತಾಲ್ಲೂಕು ಕೇಂದ್ರ. ಜಿಲ್ಲಾ ಕೇಂದ್ರವಾದ ವಿಜಯಪುರಕ್ಕಿಂತ ಮಹಾರಾಷ್ಟ್ರದ ಸೊಲ್ಲಾಪುರವೇ ಇಲ್ಲಿಗೆ ಹತ್ತಿರ. ಬಟ್ಟೆ ವ್ಯಾಪಾರಕ್ಕೆ ಹೆಸರಾದ ಪೇಟೆ. ಸುತ್ತಲೂ ಲಿಂಬೆ, ದ್ರಾಕ್ಷಿ, ದಾಳಿಂಬೆ, ಕಬ್ಬಿನ ಹೊಲಗಳು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದೇನಲ್ಲ. ಬಿಸಿಲು, ಧೂಳು, ಗಡಿ, ದೂರದ ಟವರ್ – ಈ ನಾಲ್ಕನ್ನೂ ತಾಳಿಕೊಳ್ಳುವ ಫೋನ್ ರಾಜ್ಯದ ಯಾವ ಮೂಲೆಯಲ್ಲಾದರೂ ಬಾಳಬಲ್ಲದು.

ಮೊದಲು ದಿನಚರಿ, ಆಮೇಲೆ ಫೋನ್

ಅಂಗಡಿಗೆ ಹೋಗುವ ಮುನ್ನ ಒಂದು ದಿನದಲ್ಲಿ ಫೋನ್ ಯಾವ ಯಾವ ಕೆಲಸಕ್ಕೆ ಬೇಕಾಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಒಳಿತು. ಬಟ್ಟೆ ವ್ಯಾಪಾರಿಗೆ ಸೀರೆಯ ನಿಜವಾದ ಬಣ್ಣವನ್ನು ಗ್ರಾಹಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ತೋರಿಸಬಲ್ಲ ಕ್ಯಾಮೆರಾ ಬೇಕು. ಲಿಂಬೆ ಬೆಳೆಗಾರನಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಓದಬಲ್ಲ ಪರದೆ ಬೇಕು. ಕಾಲೇಜು ವಿದ್ಯಾರ್ಥಿನಿಗೆ ಪಾಠದ ಕಡತಗಳನ್ನು ಇಟ್ಟುಕೊಳ್ಳಲು ಜಾಗ, ಮನೆಯ ಹಿರಿಯರಿಗೆ ದೊಡ್ಡ ಅಕ್ಷರ ಮತ್ತು ಜೋರಾದ ಧ್ವನಿ ಅಗತ್ಯ. ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕಾಗಿ ಹಣ ಕೊಡುವುದು ವ್ಯರ್ಥ. ಪಟ್ಟಿಯಲ್ಲಿ ಇರುವ ಕೆಲಸದಲ್ಲಿ ಹಣ ಉಳಿಸಹೊರಟರೆ ನಷ್ಟ.

ಸಿಗ್ನಲ್ ಎಂಬ ಮೊದಲ ಪರೀಕ್ಷೆ

ಫೋನ್ ಎಷ್ಟೇ ದುಬಾರಿಯಾದರೂ ಜಾಲ ಸಿಗದಿದ್ದರೆ ಅದು ಗಡಿಯಾರಕ್ಕೆ ಸಮಾನ. ಭಾರತದಲ್ಲಿ 5ಜಿ ಸೇವೆ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಆದರೆ ಎಲ್ಲ 5ಜಿಯೂ ಒಂದೇ ಬಗೆಯದಲ್ಲ. 3300 ಮೆಗಾಹರ್ಟ್ಸ್ ತರಂಗಗುಚ್ಛವು ವೇಗವನ್ನು ಕೊಡುತ್ತದೆ, ಆದರೆ ಟವರ್‌ನಿಂದ ಹೆಚ್ಚು ದೂರ ಹೋಗಲಾರದು, ದಪ್ಪ ಗೋಡೆಯನ್ನು ಸುಲಭವಾಗಿ ಭೇದಿಸಲಾರದು. 700 ಮೆಗಾಹರ್ಟ್ಸ್ ತರಂಗದ ವೇಗ ಕಡಿಮೆ, ವ್ಯಾಪ್ತಿ ದೊಡ್ಡದು. ಫೋನಿನ ವಿವರಪಟ್ಟಿಯಲ್ಲಿ ಮೊದಲನೆಯದನ್ನು ಎನ್78 ಎಂದೂ ಎರಡನೆಯದನ್ನು ಎನ್28 ಎಂದೂ ಬರೆದಿರುತ್ತಾರೆ. ನಗರದ ಒಳಗೆ ಮೊದಲನೆಯದು ಸಾಕಾದೀತು. ಹೊಲ, ತೋಟ, ವಸ್ತಿಗಳಲ್ಲಿ ಬಳಸುವವರಿಗೆ ಎರಡೂ ಇರಬೇಕು. ಬಿಎಸ್‌ಎನ್‌ಎಲ್ ಸ್ವದೇಶಿ ತಂತ್ರಜ್ಞಾನದ 4ಜಿ ಸೇವೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆ ಸಮರ್ಪಿಸಲಾಯಿತು. ಅದು ಕೂಡ 700 ಮೆಗಾಹರ್ಟ್ಸ್ ತರಂಗವನ್ನು ಬಳಸುವುದರಿಂದ, ಬಿಎಸ್‌ಎನ್‌ಎಲ್ ಗ್ರಾಹಕರು 4ಜಿಯ ಬ್ಯಾಂಡ್ 28 ಇದೆಯೇ ಎಂದು ಕೇಳಿ ತಿಳಿಯುವುದು ಕ್ಷೇಮ. ಹಳೆಯ ಅನೇಕ ಮಾದರಿಗಳಲ್ಲಿ ಅದು ಇರುವುದಿಲ್ಲ.

ಗಡಿಯ ಊರುಗಳಲ್ಲಿ ಮತ್ತೊಂದು ತೊಡಕುಂಟು. ದೂರಸಂಪರ್ಕದ ಲೆಕ್ಕದಲ್ಲಿ ಕರ್ನಾಟಕ ಒಂದು ವಲಯ, ಮಹಾರಾಷ್ಟ್ರ ಮತ್ತೊಂದು. ಭೀಮೆಯ ಆಚೆಯ ಟವರ್ ಬಲವಾಗಿದ್ದರೆ ಫೋನ್ ತಾನಾಗಿಯೇ ಅತ್ತ ಜಿಗಿಯಬಹುದು. ಮತ್ತೆ ಇತ್ತ ಬರುವಷ್ಟರಲ್ಲಿ ಕರೆ ಕಡಿದಿರುತ್ತದೆ, ಬ್ಯಾಟರಿಯೂ ಕರಗಿರುತ್ತದೆ. ಇಂಥಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಮ್ ಹಾಕಲು ಅವಕಾಶವಿರುವ ಫೋನ್ ಅನುಕೂಲ. ಸೆಟ್ಟಿಂಗ್ಸ್‌ನಲ್ಲಿ ಜಾಲವನ್ನು ಕೈಯಾರೆ ಆರಿಸಿಕೊಳ್ಳುವ ಸೌಲಭ್ಯವೂ ಉಪಯುಕ್ತ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇರುವವರು ವೈಫೈ ಮೂಲಕ ಕರೆ ಮಾಡುವ ವ್ಯವಸ್ಥೆ ಇದೆಯೇ ಎಂಬುದನ್ನೂ ವಿಚಾರಿಸಬೇಕು.

ಬಿಸಿಲು, ಧೂಳು ಮತ್ತು ಬ್ಯಾಟರಿ

ಪರದೆಯ ಬೆಳಕನ್ನು ನಿಟ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಕಾಣುವ 2000 ಅಥವಾ 3000 ನಿಟ್ಸ್ ಎಂಬುದು ಸಾಮಾನ್ಯವಾಗಿ ಪರದೆಯ ಒಂದು ಚಿಕ್ಕ ಭಾಗ ಕೆಲ ಕ್ಷಣ ತಲುಪುವ ಗರಿಷ್ಠ ಮಟ್ಟ. ಬಿಸಿಲಿನಲ್ಲಿ ಇಡೀ ಪರದೆ ಎಷ್ಟು ಬೆಳಗುತ್ತದೆ ಎಂಬುದೇ ನಮಗೆ ಬೇಕಾದ ಅಂಕಿ. ಅದು 1000ದ ಆಸುಪಾಸಿನಲ್ಲಿದ್ದರೆ ಹೊರಗೆ ಓದಲು ತೊಂದರೆಯಿಲ್ಲ. ಇದನ್ನು ಪರೀಕ್ಷಿಸಲು ಉಪಕರಣ ಬೇಡ. ಪ್ರದರ್ಶನಕ್ಕಿಟ್ಟ ಫೋನನ್ನು ಅಂಗಡಿಯ ಹೊಸ್ತಿಲ ಹೊರಗೆ ಹಿಡಿದು ಒಂದು ಸಂದೇಶ ಓದಿ ನೋಡಿದರೆ ಸಾಕು.

ಇಂದಿನ ಫೋನುಗಳಲ್ಲಿ 5000 ಎಂಎಎಚ್ ಸಾಮರ್ಥ್ಯದ ಬ್ಯಾಟರಿ ಸಾಮಾನ್ಯ. ಸಿಲಿಕಾನ್–ಕಾರ್ಬನ್ ತಂತ್ರಜ್ಞಾನ ಬಂದ ಮೇಲೆ 6000–7000 ಎಂಎಎಚ್ ಮಾದರಿಗಳೂ ಸಿಗುತ್ತಿವೆ. ಆದರೆ ಲಿಥಿಯಂ ಬ್ಯಾಟರಿಯ ದೊಡ್ಡ ಶತ್ರು ಶಾಖ. ಐಫೋನ್ ತಯಾರಿಸುವ ಆ್ಯಪಲ್ ಕಂಪನಿಯು ತನ್ನ ಫೋನುಗಳನ್ನು 0ಯಿಂದ 35 ಡಿಗ್ರಿ ಉಷ್ಣಾಂಶದಲ್ಲಿ ಬಳಸಬೇಕೆಂದು ಸೂಚಿಸುತ್ತದೆ. ಏಪ್ರಿಲ್–ಮೇ ತಿಂಗಳ ವಿಜಯಪುರ, ಕಲಬುರಗಿ, ರಾಯಚೂರುಗಳಲ್ಲಿ ಈ ಮಿತಿ ಬೆಳಗಿನ ಹೊತ್ತಿಗೇ ಮೀರುವುದುಂಟು. ಆದ್ದರಿಂದ ಬೈಕಿನ ಹ್ಯಾಂಡಲ್ಲಿಗೆ ಅಥವಾ ಟ್ರ್ಯಾಕ್ಟರಿನ ಮುಂಭಾಗಕ್ಕೆ ಫೋನ್ ಸಿಕ್ಕಿಸಿ ಬಿಸಿಲಿಗೆ ಒಡ್ಡುವುದು, ಬಿಸಿಯಾಗಿರುವಾಗಲೇ ಚಾರ್ಜ್‌ಗೆ ಹಾಕುವುದು ಬ್ಯಾಟರಿಯ ಆಯುಷ್ಯವನ್ನು ತಗ್ಗಿಸುತ್ತವೆ. ಚಾರ್ಜ್ 80 ಪ್ರತಿಶತಕ್ಕೆ ನಿಲ್ಲುವಂತೆ ಮಾಡುವ ಆಯ್ಕೆ ಈಗ ಅನೇಕ ಫೋನುಗಳಲ್ಲಿದೆ. ಬಿಸಿಲು ನಾಡಿನವರಿಗೆ ಅದು ಅಲಂಕಾರವಲ್ಲ, ಅಗತ್ಯ.

ಧೂಳು–ನೀರಿನಿಂದ ರಕ್ಷಣೆಯನ್ನು ಐಪಿ ಎಂಬ ಸಂಕೇತ ತಿಳಿಸುತ್ತದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ54 ಎಂದರೆ ಧೂಳಿನಿಂದ ಭಾಗಶಃ ರಕ್ಷಣೆ, ಸಿಡಿಯುವ ನೀರಿನಿಂದ ರಕ್ಷಣೆ. ಐಪಿ67 ಎಂದರೆ ಧೂಳು ಒಳಹೋಗದು, 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಬಿದ್ದರೂ ತಾಳುತ್ತದೆ. ಒಮ್ಮೆ ಬಿಚ್ಚಿ ದುರಸ್ತಿ ಮಾಡಿದ ಮೇಲೆ ಈ ರಕ್ಷಣೆ ಮೊದಲಿನಂತೆ ಉಳಿಯುವ ಭರವಸೆ ಇಲ್ಲ.

ಮೆಮೊರಿ: ಎರಡು ಅಂಕಿಗಳ ಗೊಂದಲ

ರ‍್ಯಾಮ್ ಎಂಬುದು ಕೆಲಸದ ಮೇಜು, ಸ್ಟೋರೇಜ್ ಎಂಬುದು ಕಪಾಟು. ಮೇಜು ಚಿಕ್ಕದಾದರೆ ಹಣ ಪಾವತಿಸುವಾಗ ಫೋನ್ ತಡವರಿಸುತ್ತದೆ. ಕಪಾಟು ತುಂಬಿದರೆ ಹೊಸ ಆ್ಯಪ್ ಕೂರುವುದಿಲ್ಲ. ಸಾಮಾನ್ಯ ಬಳಕೆಗೆ 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್ ಇದ್ದರೆ ನಾಲ್ಕು ವರ್ಷ ನೆಮ್ಮದಿಯಿಂದ ಸಾಗೀತು. ‘6 ಜಿಬಿಯೊಂದಿಗೆ ಇನ್ನೂ 6 ಜಿಬಿ’ ಎಂಬ ಜಾಹೀರಾತಿಗೆ ಮರುಳಾಗಬಾರದು. ಎರಡನೆಯ 6 ಜಿಬಿ ನಿಜವಾದ ರ‍್ಯಾಮ್ ಅಲ್ಲ, ನಿಧಾನಗತಿಯ ಕಪಾಟಿನಿಂದ ಕಡ ಪಡೆದ ಜಾಗ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಂದ ಬೇಡಿಕೆ ಹೆಚ್ಚಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಏರಿತು. ಅದರ ಬಿಸಿ ಅಗ್ಗದ ಫೋನುಗಳಿಗೂ ತಟ್ಟಿದ್ದರಿಂದ ಈ ಎರಡು ಅಂಕಿಗಳನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕಾಗಿದೆ.

ಹೊಲದಲ್ಲಿ ನಿಂತು ತೆಗೆಯುವ ಚಿತ್ರ

ಕ್ಯಾಮೆರಾ ಎಂದರೆ ಸೆಲ್ಫಿ ಎಂಬ ಕಲ್ಪನೆ ನಗರದ್ದು. ರಾಜ್ಯ ಸರಕಾರವು 2020ರಲ್ಲಿ ರೈತರೇ ತಮ್ಮ ಬೆಳೆಯ ವಿವರ ದಾಖಲಿಸುವ ಆ್ಯಪ್ ಹೊರತಂದ ಮೇಲೆ ಗ್ರಾಮೀಣ ಭಾಗದಲ್ಲಿ ಕ್ಯಾಮೆರಾಕ್ಕೆ ಬೇರೆಯೇ ಅರ್ಥ ಬಂದಿದೆ. ರೈತ ತನ್ನ ಸರ್ವೆ ನಂಬರಿನ ಹೊಲದಲ್ಲಿಯೇ ನಿಂತು ಬೆಳೆಯ ಚಿತ್ರ ತೆಗೆಯಬೇಕು. ನಿಂತ ಸ್ಥಳವನ್ನು ಜಿಪಿಎಸ್ ಖಚಿತಪಡಿಸಬೇಕು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆ ಹಾನಿ ಪರಿಹಾರಗಳಿಗೆ ಈ ಸಮೀಕ್ಷೆಯ ದಾಖಲೆಯೇ ಆಧಾರ. ಜಿಪಿಎಸ್ ಪಕ್ಕದ ಹೊಲವನ್ನು ತೋರಿಸಿದರೆ ತೊಗರಿ ಬೆಳೆದವನ ದಾಖಲೆಯಲ್ಲಿ ಕಬ್ಬು ನಿಲ್ಲುವ ಅಪಾಯವುಂಟು. ಜಮೀನಿನ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್‌ಗೂ ಇದೇ ಮಾತು ಅನ್ವಯಿಸುತ್ತದೆ.

ಆದ್ದರಿಂದ 50 ಮೆಗಾಪಿಕ್ಸೆಲ್ಲಿಗಿಂತ ಜಿಪಿಎಸ್ ನಿಖರತೆ ರೈತನಿಗೆ ಮುಖ್ಯ. ಎರಡು ತರಂಗಗಳಲ್ಲಿ ಉಪಗ್ರಹ ಸಂಕೇತ ಪಡೆಯುವ ಫೋನ್ ಹೆಚ್ಚು ನಿಖರ. ದಿಕ್ಸೂಚಿ ಸಂವೇದಕ ಅಗ್ಗದ ಕೆಲ ಮಾದರಿಗಳಲ್ಲಿ ಇರುವುದೇ ಇಲ್ಲ. ಆಗ ನಕ್ಷೆಯ ಬಾಣ ದಿಕ್ಕು ತಪ್ಪುತ್ತದೆ. ಇನ್ನು ಚಿತ್ರದ ಗುಣಮಟ್ಟಕ್ಕೆ ಬಂದರೆ, 50 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಬಿಂದುಗಳನ್ನು ಒಂದಾಗಿಸಿ ಸುಮಾರು 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ. ಹಿಂಬದಿಯಲ್ಲಿ ಸಾಲಾಗಿ ಕೂರಿಸಿದ 2 ಮೆಗಾಪಿಕ್ಸೆಲ್ ಮಸೂರಗಳಿಂದ ಎಣಿಕೆ ಹೆಚ್ಚುತ್ತದೆಯೇ ಹೊರತು ಗುಣ ಹೆಚ್ಚದು.

ಕನ್ನಡ ಎಷ್ಟು ಬರುತ್ತದೆ?

ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಅಧಿಕೃತ ಬೆಂಬಲ ದೊರೆತದ್ದು 2012ರಲ್ಲಿ, 4.1ನೇ ಆವೃತ್ತಿಯೊಂದಿಗೆ. ಅದಕ್ಕೂ ಮುಂಚಿನ ಫೋನುಗಳಲ್ಲಿ ಕನ್ನಡ ಸಂದೇಶಗಳು ಚೌಕಗಳ ಸಾಲಾಗಿ ಕಾಣುತ್ತಿದ್ದವು. ಐಎಸ್ 16333 ಎಂಬ ಭಾರತೀಯ ಮಾನಕದ ಮೂರನೆಯ ಭಾಗದ ಪ್ರಕಾರ ದೇಶದಲ್ಲಿ ಮಾರಾಟವಾಗುವ ಮೊಬೈಲಿನಲ್ಲಿ ಸಂವಿಧಾನದ 22 ಭಾಷೆಗಳ ಸಂದೇಶಗಳನ್ನೂ ಓದಲು ಸಾಧ್ಯವಿರಬೇಕು. ಟೈಪ್ ಮಾಡುವ ಕಡ್ಡಾಯ ಮಾತ್ರ ಇಂಗ್ಲಿಷ್, ಹಿಂದಿ ಮತ್ತು ತಯಾರಕರು ಆರಿಸಿದ ಇನ್ನೊಂದು ಭಾರತೀಯ ಭಾಷೆಗೆ ಸೀಮಿತ. ಹೀಗಾಗಿ ಕನ್ನಡವನ್ನು ಕೇಳಿಯೇ ಪಡೆಯಬೇಕು. ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರವನ್ನು ದೊಡ್ಡದು ಮಾಡಿ, ‘ಲಕ್ಷ್ಮಿ’ ಎಂದು ಬರೆದು, ಒಂದು ವಾಕ್ಯವನ್ನು ಮಾತಿನಲ್ಲಿ ಹೇಳಿ ಟೈಪ್ ಮಾಡಿಸಿದರೆ ಎರಡೇ ನಿಮಿಷದಲ್ಲಿ ಗುಟ್ಟು ಬಯಲಾಗುತ್ತದೆ.

ಆಯುಷ್ಯ ಎಣಿಸುವುದು ಎಲ್ಲಿಂದ?

ಫೋನಿನ ನಿಜವಾದ ಆಯುಷ್ಯವನ್ನು ನಿರ್ಧರಿಸುವುದು ಅದರ ತಂತ್ರಾಂಶ. ಭದ್ರತಾ ಪರಿಷ್ಕರಣೆ ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಬೀಗವಿಲ್ಲದ ಮನೆಯಲ್ಲಿ ಹಣ ಇಟ್ಟಂತೆ. ಹಳೆಯ ಆವೃತ್ತಿಗಳನ್ನು ಆ್ಯಪ್‌ಗಳೂ ಕೈಬಿಡುತ್ತವೆ. 2025ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಆಂಡ್ರಾಯ್ಡ್ 4.4 ಆವೃತ್ತಿಯ ಫೋನುಗಳಲ್ಲಿ ಕೆಲಸ ನಿಲ್ಲಿಸಿತು. ಗೂಗಲ್ ಪಿಕ್ಸೆಲ್ 8 ಮತ್ತು ಸ್ಯಾಮ್‌ಸಂಗ್ ಎಸ್24 ಸರಣಿಯ ಫೋನುಗಳಿಗೆ 7 ವರ್ಷಗಳ ಪರಿಷ್ಕರಣೆಯ ಭರವಸೆ ದೊರೆಯಿತು. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಜಾರಿಗೆ ತಂದ ನಿಯಮದಂತೆ ಮಾದರಿಯೊಂದರ ಮಾರಾಟ ನಿಂತ ಮೇಲೂ 5 ವರ್ಷ ಪರಿಷ್ಕರಣೆ ಒದಗಿಸಬೇಕು. ಭಾರತದ ಅಗ್ಗದ ಮಾದರಿಗಳಲ್ಲಿ ಈ ಅವಧಿ ಎರಡು–ಮೂರು ವರ್ಷಕ್ಕೆ ಮುಗಿಯುವುದುಂಟು.

ಇಲ್ಲಿ ಗ್ರಾಹಕರು ಮರೆಯುವ ಸೂಕ್ಷ್ಮವೊಂದಿದೆ. ಈ ವರ್ಷಗಳನ್ನು ಸಾಮಾನ್ಯವಾಗಿ ಮಾದರಿ ಬಿಡುಗಡೆಯಾದ ದಿನದಿಂದ ಎಣಿಸಲಾಗುತ್ತದೆ, ಗ್ರಾಹಕರು ಕೊಂಡ ದಿನದಿಂದಲ್ಲ. ಎರಡು ವರ್ಷ ಹಳೆಯ ಮಾದರಿಯನ್ನು ಹಬ್ಬದ ರಿಯಾಯಿತಿಯಲ್ಲಿ ಕೊಂಡವರ ಪಾಲಿಗೆ ಆಯುಷ್ಯದ ಅರ್ಧ ಆಗಲೇ ಸಂದಿರಬಹುದು.

ಬಿಲ್ಲು, ಸಂಖ್ಯೆ, ಸರ್ವಿಸ್ ಸೆಂಟರ್

2017ರ ಜುಲೈಗೆ ಮುನ್ನ ಪ್ರತಿ ರಾಜ್ಯವೂ ತನ್ನದೇ ದರದಲ್ಲಿ ವ್ಯಾಟ್ ವಿಧಿಸುತ್ತಿದ್ದುದರಿಂದ ಗಡಿ ದಾಟಿ ಫೋನ್ ಕೊಳ್ಳುವುದಕ್ಕೆ ಒಂದು ಲೆಕ್ಕಾಚಾರವಿತ್ತು. ಈಗ ದೇಶದೆಲ್ಲೆಡೆ ಮೊಬೈಲಿಗೆ 18 ಪ್ರತಿಶತ ಜಿಎಸ್‌ಟಿ. ತೆರಿಗೆಯ ಕಾರಣಕ್ಕೆ ಸೊಲ್ಲಾಪುರಕ್ಕೆ ಹೋಗಬೇಕಾದ ಅಗತ್ಯವಿಲ್ಲ. ಹೋಗಬೇಕಾದೀತು ದುರಸ್ತಿಗೆ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದೆ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಪರದೆ ಒಡೆದಾಗ ಎರಡು ಬಾರಿ ಓಡಾಡುವ ಬಸ್ ಖರ್ಚು, ಹೋದ ದಿನಗಳ ದುಡಿಮೆ ಸೇರಿದರೆ ಅಗ್ಗದ ಫೋನ್ ದುಬಾರಿಯಾಗುತ್ತದೆ. ಬಡ್ಡಿಯಿಲ್ಲದ ಕಂತು ಎಂದಾಗ ನಗದು ಬೆಲೆ ಎಷ್ಟು ಎಂದು ಕೇಳಬೇಕು. ಎರಡರ ನಡುವಿನ ವ್ಯತ್ಯಾಸ ಮತ್ತು ಪ್ರಕ್ರಿಯಾ ಶುಲ್ಕವೇ ಬಡ್ಡಿ.

ಹಣ ಕೊಡುವ ಮುನ್ನ *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಅದು ಡಬ್ಬ ಮತ್ತು ಬಿಲ್ಲಿನಲ್ಲಿರುವ ಸಂಖ್ಯೆಗೆ ಹೊಂದಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಕಳಿಸಿದರೆ ಫೋನಿನ ವಿವರ ಮರಳಿ ಬರುತ್ತದೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರಿಗಂತೂ ಇದು ಕಡ್ಡಾಯ; ಕದ್ದ ಮಾಲು ಎಂದು ತಡೆಹಿಡಿಯಲಾದ ಫೋನ್ ಯಾವ ಸಿಮ್‌ಗೂ ಓಗೊಡದು. ಫೋನ್ ಕಳೆದರೆ ಕೇಂದ್ರ ಸರಕಾರದ ಸಂಚಾರ ಸಾಥಿ ತಾಣದಲ್ಲಿ ಅದನ್ನು ನಿಷ್ಕ್ರಿಯಗೊಳಿಸಲು ಇದೇ ಸಂಖ್ಯೆ ಬೇಕು. ಬಿಲ್ಲನ್ನು ಅದೇ ಫೋನಿನಲ್ಲಿ ಚಿತ್ರ ತೆಗೆದು ಇಟ್ಟುಕೊಂಡರೆ ಪ್ರಯೋಜನವಿಲ್ಲ, ಮನೆಯ ಕಪಾಟಿನಲ್ಲಿ ಇಡಬೇಕು.

ಬೆಂಗಳೂರಿನ ಉದ್ಯೋಗಿಗೂ ಚಡಚಣದ ಬೆಳೆಗಾರನಿಗೂ ಒಂದೇ ಫೋನ್ ಶ್ರೇಷ್ಠವಾಗಲಾರದು. ಒಬ್ಬರಿಗೆ ಮೆಟ್ರೊದಲ್ಲಿ ಬಳಸಲು ಹಗುರವಾದದ್ದು ಬೇಕು, ಮತ್ತೊಬ್ಬರಿಗೆ ಬಾಂದಿನ ಮೇಲೆ ಬಿದ್ದರೂ ಬಾಳುವಂಥದ್ದು. ಇಬ್ಬರೂ ಕೇಳಬೇಕಾದ ಪ್ರಶ್ನೆಗಳು ಮಾತ್ರ ಒಂದೇ: ತನ್ನ ಊರಿನಲ್ಲಿ ಜಾಲ ಸಿಗುವುದೇ, ತನ್ನ ಬಿಸಿಲಿನಲ್ಲಿ ಓದಲಾಗುವುದೇ, ತನ್ನ ಭಾಷೆ ಬರುವುದೇ, ಎಷ್ಟು ವರ್ಷ ಸುರಕ್ಷಿತ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು. ಈ ಐದಕ್ಕೂ ಸಮಾಧಾನದ ಉತ್ತರ ಸಿಕ್ಕ ಮೇಲೆ ಉಳಿದ ಹಣದಲ್ಲಿ ಬಣ್ಣ, ವಿನ್ಯಾಸ, ಮೆಗಾಪಿಕ್ಸೆಲ್‌ಗಳನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ.