ಕತ್ತಿಯಿಲ್ಲದ ಕುತೂಹಲ

ಕಾಳಗವಿಲ್ಲದೆ ಕಥೆಗೆ ಕಾವೇರುವುದೆ? ಕರಾವಳಿಯ ತಾಳಮದ್ದಳೆಯನ್ನು ಕೇಳಿದವರು ಈ ಪ್ರಶ್ನೆಯನ್ನು ಎತ್ತಲಾರರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ ಮದ್ದಳೆಗಳ ದನಿ, ಕುಳಿತ ಅರ್ಥಧಾರಿಗಳ ಆಶುವಾದ ಮಾತು, ಇಷ್ಟೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಮಾತಿನಿಂದಲೇ ಸಭೆಯನ್ನು ಹಿಡಿದಿಡುತ್ತಿದ್ದರು. ‘ಕೃಷ್ಣಸಂಧಾನ’ದಲ್ಲಿ ಸಂಧಿ ಫಲಿಸದೆಂಬುದು ಬಾಲಕರಿಗೂ ಗೊತ್ತು, ಆದರೂ ಕೃಷ್ಣನ ಒಂದೊಂದು ಮಾತಿಗೂ ಕೌರವನ ಉತ್ತರವೇನೆಂದು ಕೇಳುಗರು ಉಸಿರು ಬಿಗಿಹಿಡಿದು ಕಾಯುತ್ತಾರೆ.

ಈ ಕಲೆಗೆ ದೂರದ ನಂಟಿರುವ ಆಟವೊಂದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅದು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ನಿರೂಪಕ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ತಾವೇನು ಮಾಡುವೆವೆಂದು ಹೇಳುತ್ತಾರೆ. ಫಲ ಸಂದೇಹವಾದಲ್ಲಿ ದಾಳವು ತೀರ್ಮಾನಿಸುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿಯೂ ಕೆಲವರು ಇದನ್ನು ಆಡುತ್ತಾರೆ. ಯುದ್ಧ ಬಂದರೆ ಅವರಿಗೆ ಉತ್ಸಾಹ. ತುಂಬಿದ ಹೊಳೆಯನ್ನು ದಾಟುವ, ಉರಿಯುವ ಮನೆಯಿಂದ ಪಾರಾಗುವ ಸನ್ನಿವೇಶ ಬಂದರೆ ‘ದಾಳ ಹಾಕು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ರಸಭಂಗವಾಗುವುದು ಅಲ್ಲಿಯೇ.

ಅವರಿಗೆ ನಾನು ತೋರಿಸುವುದು ಸುಂದರಕಾಂಡದ ಸಮುದ್ರಲಂಘನವನ್ನು. ಮೈನಾಕ ಪರ್ವತವು ವಿಶ್ರಾಂತಿಗೆ ಕರೆಯುತ್ತದೆ; ಸುರಸೆಯು ಬಾಯ್ದೆರೆದು ದಾರಿಗಟ್ಟುತ್ತಾಳೆ; ಸಿಂಹಿಕೆಯು ನೆರಳನ್ನೇ ಹಿಡಿದೆಳೆಯುತ್ತಾಳೆ. ಒಂದು ಅಡ್ಡಿಯಂತೆ ಇನ್ನೊಂದಿಲ್ಲ. ಮೊದಲನೆಯದಕ್ಕೆ ವಿನಯ, ಎರಡನೆಯದಕ್ಕೆ ಯುಕ್ತಿ. ಬಲವು ಬೇಕಾದುದು ಮೂರನೆಯದಕ್ಕೆ ಮಾತ್ರ.

ಇದನ್ನು ನಮ್ಮ ಅರಸೀಕೆರೆ ಜಂಕ್ಷನ್ನಿಗೆ ಅನ್ವಯಿಸಿ ನೋಡೋಣ. ಹುಬ್ಬಳ್ಳಿಯತ್ತ ಹೋಗುವ ಗಾಡಿ ಹೊರಡಲು ಮೂರೇ ಸರದಿ ಉಳಿದಿವೆಯೆಂದು ನಿರೂಪಕನು ಮೊದಲೇ ಸಾರಲಿ. ಗಾಡಿಯಲ್ಲಿರುವ ವಕೀಲರಿಗೆ ಒಂದು ಕಾಗದ ತಲುಪಬೇಕು. ತಪ್ಪಿದರೆ ನಿರಪರಾಧಿಯೊಬ್ಬನು ಸೆರೆಮನೆಗೆ ಹೋಗುತ್ತಾನೆ. ಮೊದಲ ಸರದಿಯಲ್ಲಿ ಜನಸಂದಣಿ. ಎರಡನೆಯದರಲ್ಲಿ, ಮೆಟ್ಟಿಲ ಮೇಲೆ ಜಾರಿಬಿದ್ದ ಮುದುಕಿ: ಎತ್ತುವುದೊ, ದಾಟಿ ಓಡುವುದೊ? ಮೂರನೆಯದರಲ್ಲಿ ಗಾಡಿ ಕದಲಿದೆ. ದಾಳ ಸೋತರೆ ‘ಮತ್ತೊಮ್ಮೆ ಹಾಕು’ ಎನ್ನಬಾರದು, ಕಥೆಯನ್ನು ಅಲ್ಲಿಗೇ ನಿಲ್ಲಿಸಲೂ ಬಾರದು. ಗಾಡಿ ತಪ್ಪಲಿ, ಕಾರು ಹಿಡಿದು ಕಡೂರಿನ ನಿಲ್ದಾಣಕ್ಕೆ ಧಾವಿಸಲಿ. ಸೋಲು ಇನ್ನಷ್ಟು ಕಠಿನವಾದ ದಾರಿಯನ್ನು ತೆರೆಯಬೇಕು.

ಏನು ಕಳೆದುಹೋದೀತು, ಎಷ್ಟು ಹೊತ್ತು ಉಳಿದಿದೆ, ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕು: ಈ ಮೂರೂ ಆಟಗಾರನಿಗೆ ತಿಳಿದಿದ್ದರೆ ಕತ್ತಿಯ ಹಂಗಿಲ್ಲ. ಇವುಗಳಲ್ಲಿ ಕಡೆಯದೇ ಹಿರಿದು. ಮುದುಕಿಯೆದುರು ಅವನು ತಡೆದು ನಿಂತಾಗ ಯಾವ ದಾಳವೂ ಅವನ ನೆರವಿಗೆ ಬಾರದು.