ಸ್ನಾಯುಗಳ ಜಮಾ-ಖರ್ಚು

ಡೊಂಬಿವಲಿಯಲ್ಲಿ ಬೆಳಗಿನ ಗಾಡಿ ಹತ್ತಿ, ನಮ್ಮ ಹಿರಿಯರು ಇಂದಿಗೂ ವಿ.ಟಿ. ಎಂದೇ ಕರೆಯುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿಯುವವರೆಗೆ, ಒಂದು ಗಂಟೆಗೂ ಮಿಕ್ಕಿದ ಕಾಲ ಮೇಲಿನ ಹಿಡಿಕೆಗೆ ಜೋತು ನಿಲ್ಲುವವರಿಗೆಲ್ಲ ಒಂದು ಅನುಭವ ಸಾಮಾನ್ಯವಾದುದು. ಭಾರವನ್ನು ಎತ್ತಿರುವುದಿಲ್ಲ, ಒಂದು ಹೆಜ್ಜೆ ನಡೆದಿರುವುದಿಲ್ಲ. ಆದರೂ ತೋಳು ಸೋಲುತ್ತದೆ, ಮೀನಖಂಡ ಬಿಗಿಯುತ್ತದೆ. ಶಾಲೆಯಲ್ಲಿ ಕಲಿತ ಭೌತಶಾಸ್ತ್ರದ ಪ್ರಕಾರ, ಏನೂ ಚಲಿಸದಿದ್ದಲ್ಲಿ ಕೆಲಸವೇ ನಡೆದಿಲ್ಲ. ಹಾಗಾದರೆ ಈ ದಣಿವು ಎಲ್ಲಿಂದ ಬಂತು?

ಉತ್ತರವು ಸ್ನಾಯುವಿನ ರಚನೆಯಲ್ಲಿಯೇ ಅಡಗಿದೆ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡುವವನು. ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದಾಗಿ ಈ ವಿಷಯವನ್ನು ಓದಿ ತಿಳಿಯಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ದೇಹದಲ್ಲಿ ಮೂರು ಬಗೆಯ ಸ್ನಾಯುಗಳಿವೆ. ಹೃದಯದ ಸ್ನಾಯು ಒಂದು. ಕರುಳು, ರಕ್ತನಾಳ ಮೊದಲಾದ ಕಡೆ ನಮ್ಮ ಅಪ್ಪಣೆಗೆ ಕಾಯದೆ ಕೆಲಸ ಮಾಡುವಂಥವು ಇನ್ನೊಂದು. ಎಲುಬಿಗೆ ಅಂಟಿಕೊಂಡು ನಮ್ಮ ಇಚ್ಛೆಯಂತೆ ನಡೆಯುವ ಅಸ್ಥಿಸ್ನಾಯುಗಳು ಮೂರನೆಯವು. ಇವುಗಳ ಸಂಖ್ಯೆ 600ಕ್ಕೂ ಮಿಕ್ಕಿದೆ. ಪುರುಷರಲ್ಲಿ ದೇಹತೂಕದ ಸುಮಾರು ಶೇಕಡಾ 40ರಷ್ಟು ಇವುಗಳದೇ. ಅತ್ಯಂತ ದೊಡ್ಡದು ಪೃಷ್ಠದಲ್ಲಿದೆ. ಅತ್ಯಂತ ಚಿಕ್ಕದು ಕಿವಿಯ ಒಳಗಿದೆ. ಅತ್ಯಂತ ಉದ್ದದ್ದು ಸೊಂಟದಿಂದ ತೊಡೆಯನ್ನು ಓರೆಯಾಗಿ ದಾಟಿ ಮೊಣಕಾಲಿನ ಒಳಬದಿಗೆ ಬರುತ್ತದೆ. ಕಾಲು ಮಡಚಿ ಕುಳಿತು ಬಟ್ಟೆ ಹೊಲಿಯುವವರ ಭಂಗಿಯನ್ನು ನೆನೆದು ಪಾಶ್ಚಾತ್ಯರು ಇದಕ್ಕೆ ದರ್ಜಿಯ ಹೆಸರನ್ನಿಟ್ಟಿದ್ದಾರೆ. ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು ಉಂಡವರಿಗೆ ಈ ಭಂಗಿಯನ್ನು ವಿವರಿಸಬೇಕಾಗಿಲ್ಲ.

ಸ್ನಾಯುವಿಗೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲ. ಆದುದರಿಂದಲೇ ಇವು ಸಾಮಾನ್ಯವಾಗಿ ಜೋಡಿಯಾಗಿ ದುಡಿಯುತ್ತವೆ. ತೋಳಿನ ಮುಂದಿನ ಸ್ನಾಯು ಸಂಕುಚಿಸಿದರೆ ಮೊಣಕೈ ಮಡಚುತ್ತದೆ. ಅದನ್ನು ಮತ್ತೆ ನೇರಗೊಳಿಸಲು ಹಿಂದಿನ ಸ್ನಾಯುವೇ ಎಳೆಯಬೇಕು. ದಾದರ್‌ನಲ್ಲಿ ಜನರನ್ನು ತಳ್ಳಿಕೊಂಡು ಇಳಿಯುವಾಗಲೂ ಒಳಗೆ ನಡೆಯುತ್ತಿರುವುದು ಎಳೆತವೇ!

ಒಂದು ಸ್ನಾಯುವನ್ನು ಬಿಡಿಸುತ್ತ ಹೋದರೆ ತೆಂಗಿನ ನಾರಿನ ಹಗ್ಗವನ್ನು ಬಿಡಿಸಿದಂತಾಗುತ್ತದೆ. ಹಗ್ಗದೊಳಗೆ ಹುರಿಗಳು, ಹುರಿಯೊಳಗೆ ಎಳೆಗಳು. ಕೂದಲಿನಷ್ಟು ಅಥವಾ ಅದಕ್ಕಿಂತಲೂ ತೆಳುವಾದ ಒಂದೊಂದು ಎಳೆಯೂ ಒಂದು ಜೀವಕೋಶ. ಅದರೊಳಗೆ ಇನ್ನೂ ಸೂಕ್ಷ್ಮವಾದ ತಂತುಗಳಿದ್ದು, ಅವುಗಳಲ್ಲಿ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಬಗೆಯ ಪ್ರೋಟೀನಿನ ಸಲಾಕೆಗಳು ಒಂದರ ನಡುವೆ ಒಂದು ಸೇರಿಕೊಂಡಿವೆ. ಸ್ನಾಯು ಕುಗ್ಗುವಾಗ ಈ ಸಲಾಕೆಗಳು ತಾವು ಕುಗ್ಗುವುದಿಲ್ಲ. ಒಂದರ ಮೇಲೊಂದು ಜಾರುತ್ತವೆ. 1954ರಲ್ಲಿ ಇದನ್ನು ತೋರಿಸಿಕೊಟ್ಟ ಎರಡು ತಂಡಗಳಲ್ಲಿ ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಇದ್ದರು. ಹೆಸರು ಒಂದೇ ಆದರೂ ಅವರು ಬಂಧುಗಳಲ್ಲ.

ನರದ ಸೂಚನೆ ಬಂದೊಡನೆ ಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಮಯೋಸಿನ್‌ನ ಪುಟ್ಟ ತಲೆಗಳು ಆಕ್ಟಿನ್‌ಗೆ ಕಚ್ಚಿ ಎಳೆಯುತ್ತವೆ, ಬಿಡುತ್ತವೆ, ಮತ್ತೆ ಕಚ್ಚುತ್ತವೆ. ಹಿಡಿಕೆ ಹಿಡಿದ ತೋಳು ಹೊರಗಿನಿಂದ ನಿಶ್ಚಲವಾಗಿ ಕಂಡರೂ ಒಳಗೆ ಈ ಕಚ್ಚು-ಬಿಡು ವ್ಯವಹಾರವು ಎಡೆಬಿಡದೆ ನಡೆದಿರುತ್ತದೆ, ಪ್ರತಿ ಸಲವೂ ಶಕ್ತಿ ಖರ್ಚಾಗುತ್ತದೆ. ನಮ್ಮ ದಣಿವಿನ ಮರ್ಮ ಇದೇ. ಇನ್ನೂ ವಿಸ್ಮಯವೆಂದರೆ, ಕಚ್ಚಿದ್ದನ್ನು ಬಿಡುವುದಕ್ಕೂ ಶಕ್ತಿದ್ರವ್ಯ ಬೇಕು. ಮರಣಾನಂತರ ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುವುದು, ಬಿಡಿಸಿಕೊಳ್ಳಲು ಬೇಕಾದ ಆ ದ್ರವ್ಯ ತೀರಿಹೋಗುವುದರಿಂದ.

ಆ ದ್ರವ್ಯವೇ ಅಡೆನೋಸಿನ್ ಟ್ರೈಫಾಸ್ಫೇಟ್, ಸಂಕ್ಷೇಪದಲ್ಲಿ ಎ.ಟಿ.ಪಿ. ಇದನ್ನು ನಾನು ಕ್ಯಾಶಿಯರನ ಗಲ್ಲಾದಲ್ಲಿರುವ ನಗದು ಎಂದು ಭಾವಿಸುತ್ತೇನೆ. ಅದು ರಭಸದ ಕೆಲಸಕ್ಕೆ ಕೆಲವೇ ಸೆಕೆಂಡುಗಳಿಗೆ ಸಾಲುವಷ್ಟು ಮಾತ್ರ. ಅದು ತೀರುತ್ತಿದ್ದಂತೆ ಪಕ್ಕದ ತಿಜೋರಿಯಿಂದ, ಅಂದರೆ ಕ್ರಿಯಾಟಿನ್ ಫಾಸ್ಫೇಟ್‌ನಿಂದ, ಭರ್ತಿಯಾಗುತ್ತದೆ. ಹೊರಡುತ್ತಿರುವ ಗಾಡಿಗೆ ಓಡಿ ಹತ್ತುವಷ್ಟಕ್ಕೆ ಅದು ಸಾಕು. ಆಮೇಲೆ ಸ್ನಾಯುವಿನಲ್ಲೇ ಶೇಖರಿಸಿಟ್ಟ ಗ್ಲೈಕೋಜನ್ ಎಂಬ ಉಳಿತಾಯ ಖಾತೆ. ಕೊಬ್ಬು ನಿಶ್ಚಿತ ಠೇವಣಿ. ನಿಧಾನವಾಗಿ, ಆಮ್ಲಜನಕದ ರುಜು ಬಿದ್ದ ಮೇಲೆಯೇ ಕೈಗೆ ಸಿಗುವಂಥದು. ಈ ತಿಜೋರಿಯನ್ನು 1927ರಲ್ಲಿ ಫಿಸ್ಕ್ ಎಂಬವರೊಡನೆ ಹಾರ್ವರ್ಡ್‌ನಲ್ಲಿ ಬೆಳಕಿಗೆ ತಂದವರು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಎದ್ದು ಕಾಣಬೇಕಿತ್ತು.

ಮೀನಖಂಡಕ್ಕೆ ಮತ್ತೊಂದು ಹೊಣೆಯಿದೆ. ನಡೆಯುವಾಗ ಅದು ಅಭಿಧಮನಿಗಳನ್ನು ಹಿಂಡಿ, ಕಾಲಿನಲ್ಲಿ ಇಳಿದ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಅಲುಗದೆ ನಿಂತವರಲ್ಲಿ ಈ ಪಂಪು ನಿಂತೇಹೋಗುತ್ತದೆ. ಉಡುಪಿ ಹೋಟೆಲುಗಳ ಗಲ್ಲಾದ ಬಳಿ, ದೋಸೆಯ ಕಾವಲಿಯ ಮುಂದೆ ದಿನವಿಡೀ ನಿಂತ ನಮ್ಮವರ ಕಾಲುಗಳಲ್ಲಿ ಉಬ್ಬಿದ ನೀಲಿ ನರಗಳನ್ನು ನೋಡದವರಾರು? ಆಗಾಗ ಹಿಮ್ಮಡಿಯನ್ನೆತ್ತಿ ಇಳಿಸುವುದು ಇದಕ್ಕೆ ಸುಲಭೋಪಾಯ. ಗಾಡಿಯ ನೂಕುನುಗ್ಗಲಿನಲ್ಲಿಯೂ ಅಷ್ಟಕ್ಕೆ ಜಾಗವಿದೆ.

ವ್ಯಾಯಾಮದಿಂದ ಸ್ನಾಯುತಂತುಗಳ ಸಂಖ್ಯೆ ಹೆಚ್ಚುವುದಕ್ಕಿಂತ ಮುಖ್ಯವಾಗಿ ಇರುವ ತಂತುಗಳೇ ದಪ್ಪವಾಗುತ್ತವೆ. ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ನಾವು ಬಲ್ಲ ಕೆ.ವಿ. ಅಯ್ಯರ್ (1897–1980) ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಇದನ್ನೇ ಸಾಧಿಸಿ ತೋರಿಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಆಂಗ್ಲ ಗ್ರಂಥವನ್ನೂ ಬರೆದರು. ಆದರೆ ಇದು ಬಳಸಿದಷ್ಟೂ ಬೆಳೆಯುವ, ಬಳಸದಿದ್ದರೆ ಕರಗುವ ವಿಚಿತ್ರ ಖಾತೆ. ಕಾಯಿಲೆಯ ಕಾಲದಲ್ಲಂತೂ ದೇಹವು ಸ್ನಾಯುವನ್ನೇ ಒಡೆದು ತನ್ನ ಅಗತ್ಯಗಳನ್ನು ಪೂರೈಸಿಕೊಳ್ಳುತ್ತದೆ.

ಇನ್ನು ಮನೆಯ ಪ್ರಸಂಗ. ಮಳೆಗಾಲದಲ್ಲಿ ನನ್ನ ತಂದೆಯವರು ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಬಳಿ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಯಿತು. ಬೇಗನೆ ಎಬ್ಬಿಸಿ ನಡೆಸಿರೆಂದು ವೈದ್ಯರು ಹೇಳಿದ್ದರೂ, ನಾವು ಮಕ್ಕಳು ಪ್ರೀತಿಯಿಂದ, ಹೆದರಿಕೆಯಿಂದ ಅವರನ್ನು ಹಾಸಿಗೆಯಿಂದ ಏಳಗೊಡಲಿಲ್ಲ. ನೀರಿನ ಲೋಟವನ್ನೂ ಕೈಗೇ ಕೊಟ್ಟೆವು. ಆರು ವಾರಗಳ ತರುವಾಯ ಎಲುಬು ಕೂಡಿಕೊಂಡಿದೆಯೆಂದು ಕ್ಷಕಿರಣ ಚಿತ್ರ ಹೇಳಿತು. ತಂದೆಯವರಿಗೆ ಮಾತ್ರ ಎದ್ದು ನಿಲ್ಲಲಾಗಲಿಲ್ಲ. ಅವರ ತೊಡೆ ನನ್ನ ಮುಂಗೈಗಿಂತ ಹೆಚ್ಚೇನೂ ದಪ್ಪವಿರಲಿಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವನ್ನು ನಾನು ಓದಿದ್ದು ಆಮೇಲೆ: ಆರೋಗ್ಯವಂತ ವೃದ್ಧರು ಕೇವಲ 10 ದಿನ ಮಲಗಿದ್ದರೂ ಕಾಲುಗಳಿಂದ ಸುಮಾರು ಒಂದು ಕಿಲೋಗ್ರಾಂ ಸ್ನಾಯು ಕಳೆದುಕೊಂಡಿದ್ದರು.

ಅದೃಷ್ಟವಶಾತ್ ಈ ಖಾತೆ ಯಾವ ವಯಸ್ಸಿನಲ್ಲಿಯೂ ಮುಚ್ಚುವುದಿಲ್ಲ. ಬಾಸ್ಟನ್ನಿನಲ್ಲಿ 90ರ ಆಸುಪಾಸಿನ ವೃದ್ಧರಿಗೆ 8 ವಾರ ಕಾಲಿನಿಂದ ಭಾರವೆತ್ತುವ ಅಭ್ಯಾಸ ಮಾಡಿಸಿದಾಗ ಅವರ ತೊಡೆಯ ಬಲವು ಇಮ್ಮಡಿಗೂ ಮಿಕ್ಕಿದುದನ್ನು 1990ರಲ್ಲಿ ವರದಿ ಮಾಡಿದ್ದಾರೆ. ನಮ್ಮ ಮನೆಗೆ ಬಂದ ವ್ಯಾಯಾಮ ಚಿಕಿತ್ಸಕಿ ಮೊದಲು ಮಾಡಿಸಿದ್ದು ಇಷ್ಟೇ: ಕುರ್ಚಿಯಿಂದ, ಕೈ ಊರದೆ, ಏಳುವುದು ಮತ್ತು ಕುಳಿತುಕೊಳ್ಳುವುದು. ಮೊದಲ ದಿನ ಕುರ್ಚಿಯ ಮೇಲೆ ಎರಡು ದಿಂಬುಗಳನ್ನಿಟ್ಟು ಎತ್ತರಿಸಿ ಎರಡು ಸಲ. ತಿಂಗಳ ಕೊನೆಗೆ ದಿಂಬಿಲ್ಲದೆ ಹತ್ತು ಸಲ. ಜೊತೆಗೆ ಬೇಳೆ, ಮೊಸರು, ಕಾಳುಗಳನ್ನು ಹೆಚ್ಚಿಸಲು ಹೇಳಿದರು. ಐದನೆಯ ತಿಂಗಳಲ್ಲಿ ತಂದೆಯವರು ಮೂರನೆಯ ಮಹಡಿಯಿಂದ ತಾವೇ ಇಳಿದು ಪತ್ರಿಕೆ ತಂದರು. ನೆಲದ ಮೇಲೆ ಮಣೆ ಹಾಕಿಕೊಂಡು ಊಟಕ್ಕೆ ಕುಳಿತುಕೊಳ್ಳುವುದು ಮಾತ್ರ ಅವರಿಂದ ಮತ್ತೆ ಆಗಲಿಲ್ಲ.