ಅಣಬೆಯಿಂದ ದೊರೆತ ರೋಗನಾಶಕ ಮದ್ದು ಮತ್ತು ಅದರ ಮಿತಬಳಕೆ

ಅಣಬೆಯೂ ಬೆಳೆಗೆ ತಗಲುವ ಬೂದಿರೋಗದ ಬೂಷ್ಟೂ ಶಿಲೀಂಧ್ರವೆಂಬ ಒಂದೇ ವರ್ಗಕ್ಕೆ ಸೇರಿದವುಗಳು. ಆದರೂ ದಾಯಾದಿಗಳಂತೆ ಶಿಲೀಂಧ್ರಗಳೊಳಗೆ ಆಹಾರಕ್ಕಾಗಿ ಹೋರಾಟವು ನಡೆದೇ ಇರುತ್ತದೆ. ಯೂರೋಪಿನ ಪೈನ್ ಮರಗಳ ಕೆಳಗೆ, ಮಣ್ಣಿನಲ್ಲಿ ಹುದುಗಿದ ಹಳೆಯ ಕಾಯಿಗಳ ಮೇಲೆ, ಸ್ಟ್ರೋಬಿಲ್ಯೂರಸ್ ಟೆನಾಸೆಲ್ಲಸ್ ಎಂಬ ಸಣ್ಣ ಅಣಬೆಯೊಂದು ಬೆಳೆಯುತ್ತದೆ. ಇತರ ಬೂಷ್ಟುಗಳನ್ನು ತಡೆಯುವ ಒಂದು ದ್ರವ್ಯವು ಇದರಲ್ಲಿ ಹುಟ್ಟುತ್ತದೆ. ಜರ್ಮನಿಯ ಆಂಕೆ, ಸ್ಟೆಗ್ಲಿಶ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ ೧೯೭೭ರಲ್ಲಿ ಇದನ್ನು ಬೇರ್ಪಡಿಸಿ ಸ್ಟ್ರೋಬಿಲ್ಯೂರಿನ್ ಎಂದು ಹೆಸರಿಟ್ಟರು.

ಜೀವಕೋಶವು ಉಸಿರಾಟದಿಂದ ಶಕ್ತಿಯನ್ನು ಪಡೆಯುವ ದಾರಿಯಲ್ಲಿ ಒಂದು ಕಡೆ ಈ ದ್ರವ್ಯವು ಅಡ್ಡಗಟ್ಟುತ್ತದೆ. ಶಕ್ತಿಯಿಲ್ಲದೆ ಬೂಷ್ಟಿನ ಬೀಜಕಣವು ಮೊಳೆಯಲಾರದು. ಅಣಬೆಗೆ ಮಾತ್ರ ಬಾಧೆಯಿಲ್ಲ; ಅದರಲ್ಲಿ ಆ ಸ್ಥಳದ ರಚನೆಯೇ ತುಸು ಬೇರೆ. ಮೂಲದ್ರವ್ಯವು ಬೆಳಕಿಗೆ ಬೇಗನೆ ಕೆಡುವುದರಿಂದ ಹೊಲಕ್ಕೆ ಒದಗಲಿಲ್ಲ. (ಅಣಬೆಯನ್ನು ಅರೆದು ಗಿಡಕ್ಕೆ ಎರಚುವವರು ಇದನ್ನು ಗಮನಿಸತಕ್ಕದ್ದು.) ಅದರ ಮಾದರಿಯನ್ನು ಹಿಡಿದು ರಸಾಯನಶಾಸ್ತ್ರಜ್ಞರು ಬಿಸಿಲಿಗೆ ತಾಳುವ ಪದಾರ್ಥಗಳನ್ನು ಕಾರ್ಖಾನೆಯಲ್ಲಿ ತಯಾರಿಸಿದರು. ಅಜಾಕ್ಸಿಸ್ಟ್ರೋಬಿನ್, ಕ್ರೆಸಾಕ್ಸಿಮ್-ಮಿಥೈಲ್ ಎಂಬಿವು ೧೯೯೬ರಲ್ಲಿ ಮಾರಾಟಕ್ಕೆ ಬಂದವು.

ಆದರೆ ೧೯೯೮ರಲ್ಲಿಯೇ ಉತ್ತರ ಜರ್ಮನಿಯ ಗೋದಿಯ ಬೂದಿರೋಗವು ಈ ಮದ್ದಿಗೆ ಬಗ್ಗದೆ ಹೋಯಿತು. ಕಾರಣವು ಸರಳವಾಗಿದೆ. ಮದ್ದು ಪೆಟ್ಟು ಹಾಕುವುದು ಒಂದೇ ಸ್ಥಳಕ್ಕೆ. ಆ ಸ್ಥಳದ ಪ್ರೋಟೀನಿನಲ್ಲಿ ಒಂದು ಘಟಕವು ಬದಲಾದರೆ ಪೆಟ್ಟು ತಾಗದು. ಹಾಗೆ ಬದಲಾದ ಕೆಲವು ಕಣಗಳು ಬದುಕಿಕೊಳ್ಳುತ್ತವೆ, ಉಳಿದವು ಸಾಯುತ್ತವೆ; ಮತ್ತೆ ಮತ್ತೆ ಅದನ್ನೇ ಸಿಂಪಡಿಸಿದರೆ ಹೊಲವೆಲ್ಲ ಬದುಕಿಕೊಂಡವುಗಳ ಸಂತತಿಯಾಗುತ್ತದೆ. ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವಾದರೋ ಅನೇಕ ಕಡೆ ಪೆಟ್ಟು ಹಾಕುವಂಥದು; ಆದಕಾರಣ ಆ ಹಳೆಯ ಮದ್ದು ಇಂದಿಗೂ ಕೆಲಸಕ್ಕೆ ಬರುತ್ತಿದೆ.

ಬೂದಿರೋಗದ ಕಣಗಳು ಗಾಳಿಯಲ್ಲಿ ಹಾರುವುವು, ಬದುವನ್ನು ಲೆಕ್ಕಿಸುವುದಿಲ್ಲ. ಒಬ್ಬನ ಅತಿಬಳಕೆಯಿಂದ ಊರಿಗೆಲ್ಲ ಮದ್ದು ನಿಷ್ಫಲವಾಗಬಹುದಾದ್ದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಊರಿನ ಕೆಲಸವೆಂದೇ ಎಣಿಸಬೇಕು. ರೋಗವು ಬಲಿತ ಮೇಲೆ ಈ ಮದ್ದಿನ ಪ್ರಯೋಜನ ಕಡಮೆ, ಆರಂಭದಲ್ಲಿಯೇ ಸಿಂಪಡಿಸತಕ್ಕದ್ದು. ಬೆನ್ನುಬೆನ್ನಿಗೆ ಎರಡು ಸಲ ಇದನ್ನೇ ಹೊಡೆಯದೆ ನಡುವೆ ಬೇರೆ ಗುಂಪಿನ ಮದ್ದನ್ನು ಬಳಸಬೇಕು. ಡಬ್ಬಿಯ ಹೆಸರು ಬೇರೆಯಾದ ಮಾತ್ರಕ್ಕೆ ಗುಂಪು ಬೇರೆಯೆಂದು ತಿಳಿಯಬಾರದು. ಪೈರಾಕ್ಲೋಸ್ಟ್ರೋಬಿನ್, ಟ್ರೈಫ್ಲಾಕ್ಸಿಸ್ಟ್ರೋಬಿನ್ ಮುಂತಾಗಿ ‘ಸ್ಟ್ರೋಬಿನ್’ ಎಂದು ಮುಗಿಯುವುವೆಲ್ಲ ಇದೇ ಮನೆಯವು; ಕ್ರೆಸಾಕ್ಸಿಮ್-ಮಿಥೈಲ್ ಸಹ ಹಾಗೆಯೇ. ಚೀಟಿಯಲ್ಲಿ ಹೇಳಿದ ಬೆಳೆಗೆ, ಹೇಳಿದ ಪ್ರಮಾಣದಲ್ಲಿ ಮಾತ್ರ ಉಪಯೋಗಿಸಬೇಕು.

ಅಣಬೆಯ ಮೂಲವೆಂದ ಮಾತ್ರಕ್ಕೆ ಇದು ನಿರಪಾಯವಲ್ಲ. ಅಜಾಕ್ಸಿಸ್ಟ್ರೋಬಿನ್ ಮೀನು ಮೊದಲಾದ ಜಲಚರಗಳಿಗೆ ವಿಷವಾದ್ದರಿಂದ ಸಿಂಪಡಿಸುವ ಯಂತ್ರವನ್ನು ತೊಳೆದ ನೀರನ್ನು ಕೆರೆ ಕಾಲುವೆಗಳಿಗೆ ಬಿಡಕೂಡದು.